ಹಸಿವಿನ ಗುರುತು, ಸಾಕೆನ್ನುವ ಗುರುತು

ನನ್ನ ತಂಗಿಯ ಮಗಳು ಸವಿತಾಳಿಗೆ ನಾನು ಮಾಡುತ್ತಿದ್ದ ಕೆಲಸವೇ ಸಿಕ್ಕಿದೆ. ಹಳ್ಳಿಯ ಆರೋಗ್ಯ ಉಪಕೇಂದ್ರದಲ್ಲಿ ಜನ ನರ್ಸಮ್ಮ ಎಂದು ಕರೆಯುವ ಕೆಲಸ. ಆದೇಶ ಕೈಗೆ ಬಂದ ದಿನ ನಮ್ಮ ಮನೆಗೆ ಬಂದು, "ದೊಡ್ಡಮ್ಮ, ಮೊದ್ಲು ಏನು ಕಲೀಬೇಕು ಹೇಳು" ಎಂದಳು.

ಚುಚ್ಚುಮದ್ದು, ತೂಕ, ಹೆರಿಗೆ, ರಿಜಿಸ್ಟರು, ಇವನ್ನೆಲ್ಲ ಇಲಾಖೆ ಕಲಿಸುತ್ತದೆ. ಕಲಿಸದೆ ಬಿಡುವುದು ಒಂದಿದೆ. ಎದುರಿಗಿರುವ ಜೀವ ಹಸಿದಿದೆಯೋ, ಅದಕ್ಕೆ ಸಾಕಾಗಿದೆಯೋ ಎಂದು ನೋಡಿ ತಿಳಿಯುವುದು. ನಾನು ಅದನ್ನು ತೊಂಬತ್ತರ ದಶಕದಲ್ಲಿ ಗಂಜಾಂ, ಬೂಕನಕೆರೆ, ನಾಗಮಂಗಲದ ಕಡೆಯ ಮನೆಗಳಲ್ಲಿ ಕೂತು ಕಲಿತೆ. ಆದರೆ ಅವತ್ತು ಸವಿತಾಳಿಗೆ ಇದನ್ನು ಹೇಳಲಾಗಲಿಲ್ಲ. ನಮ್ಮ ಯಜಮಾನರು ತೀರಿಕೊಂಡು ಆಗಿನ್ನೂ ಕೆಲವು ತಿಂಗಳಾಗಿತ್ತು, ಮತ್ತು ಊರಿನವರಿಗೆಲ್ಲ ಹಸಿವಿನ ಪಾಠ ಹೇಳಿದ ನನಗೆ ನನ್ನ ಹಸಿವೇ ತಿಳಿಯುತ್ತಿರಲಿಲ್ಲ.

ಪಾಂಡವಪುರದ ನಮ್ಮ ಮನೆಯ ಹಿಂದಿನ ಬೀದಿಯಲ್ಲಿ ಯಜಮಾನರ ಅಕ್ಕ ಕೆಂಪಮ್ಮ ಇದ್ದಾರೆ. ದಿನಾ ಮಧ್ಯಾಹ್ನ ಕ್ಯಾರಿಯರ್ ತಂದು ಎದುರಿಗೆ ಕೂರುತ್ತಿದ್ದರು. ಅವರು ಕೂತಿದ್ದಾರಲ್ಲ ಎಂದು ತಿನ್ನುತ್ತಿದ್ದೆ. ಅವರು ಎದ್ದರೆ ಬಿಡುತ್ತಿದ್ದೆ. ನಮ್ಮಿಬ್ಬರ ನಡುವೆ ಒಂದು ಮಾತು ಹಾಗೇ ಉಳಿದಿತ್ತು. "ಕಡೇಗಾಲದಲ್ಲಿ ನನ್ನ ತಮ್ಮಂಗೆ ನೀನು ತಿನ್ನಿಸ್ಲಿಲ್ಲ" ಎಂದು ಅವರು ಎಲ್ಲರೆದುರು ಅಂದಿದ್ದರು. ನಾನು ಉತ್ತರ ಕೊಟ್ಟಿರಲಿಲ್ಲ. ಉತ್ತರ ನನ್ನ ಕೆಲಸದಲ್ಲಿತ್ತು. ಅದಕ್ಕೇ ಕೆಲಸದಿಂದಲೇ ಶುರು ಮಾಡುತ್ತೇನೆ.

ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಶ್ರೀರಂಗಪಟ್ಟಣದ ಗಂಜಾಮಿನಲ್ಲಿದ್ದೆ. ಮನೆ ಮನೆ ಭೇಟಿಯಲ್ಲಿ ಒಂದು ಮನೆಗೆ ಹೋದಾಗ ಅಜ್ಜಿಯೊಬ್ಬರು ಕಾಲು ನೀಡಿ ಕೂತು, ಕಾಲ ಮೇಲೆ ಆರೇಳು ತಿಂಗಳ ಮೊಮ್ಮಗನನ್ನು ಮಲಗಿಸಿಕೊಂಡು, ಒಳಲೆಯಲ್ಲಿ ರಾಗಿ ಸರಿ ಹುಯ್ಯುತ್ತಿದ್ದರು. ಒಳಲೆ ಎಂದರೆ ಕೊಕ್ಕಿನಂಥ ಮೂತಿ ಇರುವ ಪುಟ್ಟ ಬಟ್ಟಲು. ಈಗ ಅದು ಮನೆಗಳಲ್ಲಿ ಬೀರು ಸೇರಿದೆ, ಆಗ ಎಲ್ಲರ ಅಡುಗೆಮನೆಯಲ್ಲಿತ್ತು. ಮೂತಿಯನ್ನು ಕೂಸಿನ ಬಾಯಿಯ ಓರೆಗೆ ಇಟ್ಟು ಬಗ್ಗಿಸಿದರೆ ಸರಿ ತಾನಾಗಿ ಒಳಗೆ ಹೋಗುತ್ತದೆ. ಕೂಸು ನುಂಗಲೇಬೇಕು, ನುಂಗದಿದ್ದರೆ ಉಸಿರು ಕಟ್ಟುತ್ತದೆ. ಈ ಕೂಸು ಮುಖವನ್ನು ಆ ಕಡೆ ತಿರುಗಿಸಿತು. ಅಜ್ಜಿ ಗಲ್ಲ ಹಿಡಿದು ಈ ಕಡೆ ತಂದರು. ಅದು ಮತ್ತೆ ತಿರುಗಿಸಿತು. ಸರಿ ಕಿವಿಗೆ ಹೋಯಿತು.

"ಅಜ್ಜಿ, ಕೂಸು ಬೇಡ ಅಂತಿದೆ" ಎಂದೆ.

"ಕೂಸ್ಗೇನವ್ವ ಬೇಕು ಬೇಡ ಗೊತ್ತಾದದು? ಒಳಲೆ ಖಾಲಿಯಾಯ್ತು ಅಂದ್ರೆ ಒಟ್ಟೆ ತುಂಬ್ತು ಅಂತ. ನಿಮ್ಮವ್ವನೂ ನಿನ್ಗೆ ಇಂಗೇ ಉಯ್ದಿರ್ತಾಳೆ. ನೀನು ಸಾಯ್ಲಿಲ್ವಲ್ಲ, ಬಿಳೀ ಸೀರೆ ಉಟ್ಕಂಡು ನನ್ಗೇ ಬುದ್ಧಿ ಏಳಕ್ಕೆ ಬಂದಿದ್ದೀಯ."

ಅಷ್ಟರಲ್ಲಿ ಕೂಸು ಕುಡಿದದ್ದನ್ನೆಲ್ಲ ನನ್ನ ಬಿಳಿ ಸೀರೆಯ ಮೇಲೆ ಕಕ್ಕಿತು. ಅಜ್ಜಿ ನಕ್ಕು, "ನೋಡು, ನಿನ್ಗೂ ಒಸಿ ಪಾಲು ಕೊಡ್ತು" ಎಂದರು.

ನಮ್ಮ ಮೇಲ್ವಿಚಾರಕಿ ಸರೋಜಮ್ಮ ಎಂಬವರು. ಗಟ್ಟಿ ದನಿ, ಕೈಯಲ್ಲಿ ಯಾವಾಗಲೂ ಕೊಡೆ. ಕಲೆಯಾದ ಸೀರೆಯಲ್ಲೇ ಹೋಗಿ ಅವರಿಗೆ ಈ ಕಥೆ ಹೇಳಿದೆ. ಅವರು ಬೈಯಲಿಲ್ಲ. "ನಾಳೆ ಅದೇ ಮನೆಗೆ ಹೋಗು. ಏನೂ ಹೇಳ್ಬೇಡ. ಕೂಸು ಉಣ್ಣೋವಷ್ಟು ಹೊತ್ತು ಅದರ ಮುಖ, ಕೈ ನೋಡ್ತಾ ಕೂತ್ಕೋ. ಬಟ್ಟಲು ನೋಡ್ಬೇಡ" ಎಂದರು.

ಹೋಗಿ ಕೂತೆ. ಮೊದಲ ಗುಟುಕುಗಳಿಗೆ ಕೂಸು ತಾನೇ ಬಾಯಿ ತೆರೆಯಿತು. ಕೈ ಮುಷ್ಟಿಯಾಗಿತ್ತು. ಸ್ವಲ್ಪ ಹೊತ್ತಿಗೆ ನುಂಗುವುದು ನಿಧಾನವಾಯಿತು. ಮುಷ್ಟಿಯ ಬೆರಳು ಒಂದೊಂದೇ ಸಡಿಲವಾದವು, ಅಂಗೈ ಬಿಚ್ಚಿಕೊಂಡಿತು. ಆಮೇಲೆ ತುಟಿ ಮುಚ್ಚಿತು, ಮುಖ ತಿರುಗಿತು. ಒಳಲೆಯಲ್ಲಿ ಆಗ ಅರ್ಧ ಇತ್ತು. ಅಜ್ಜಿಯ ಕಣ್ಣು ಆ ಅರ್ಧದ ಮೇಲೆಯೇ ಇತ್ತು. ಅವರಿಗೆ ಕೂಸಿನ ಮೇಲೆ ಪ್ರೀತಿ ಕಡಿಮೆಯಿರಲಿಲ್ಲ. ಆ ಕಣ್ಣಿಗೆ ಪ್ರೀತಿ ಎಂದರೆ ಖಾಲಿಯಾದ ಬಟ್ಟಲು, ಅಷ್ಟೇ.

ಎರಡು ವರ್ಷದ ಮೇಲೆ ಕೆ.ಆರ್. ಪೇಟೆ ತಾಲ್ಲೂಕಿನ ಬೂಕನಕೆರೆ ಕಡೆಗೆ ವರ್ಗವಾಯಿತು. ಅಲ್ಲಿ ನನ್ನಿಂದಲೇ ಒಂದು ಎಡವಟ್ಟಾಯಿತು. ನಾನು ತರಬೇತಿಯಲ್ಲಿ ಓದಿದ ಪುಸ್ತಕದಲ್ಲಿ ಕೂಸಿಗೆ ಇಷ್ಟು ಗಂಟೆಗೊಮ್ಮೆ ಹಾಲು ಎಂದು ಬರೆದಿತ್ತು. ಅದನ್ನೇ ಬಾಣಂತಿಯರಿಗೆ ಹೇಳುತ್ತಿದ್ದೆ. ಊರಾಚೆ ರಸ್ತೆಯಂಚಿನ ತೋಟದ ಮನೆಯಲ್ಲಿ ಜಯ ಎಂಬ ಬಾಣಂತಿ, ಅವಳ ಅತ್ತೆ ನಿಂಗಮ್ಮ. ಗಡಿಯಾರ ಕೆಟ್ಟು ನಿಂತಿತ್ತು. ಆದರೆ ಮನೆ ಮುಂದೆ ಪೇಟೆಗೆ ಹೋಗಿ ಬರುವ ಪ್ರೈವೇಟ್ ಬಸ್ಸು ಹೊತ್ತಿಗೆ ಸರಿಯಾಗಿ ಹಾರನ್ ಹೊಡೆಯುತ್ತಿತ್ತು. ನಿಂಗಮ್ಮ ಬಸ್ಸಿಗೂ ಹಾಲಿಗೂ ಗಂಟು ಹಾಕಿದರು. ಹಾರನ್ ಕೇಳಿದರೆ ಹಾಲು. ನಾನು ಅದನ್ನು ಮೆಚ್ಚಿ ಬೇರೆ ಮನೆಗಳಲ್ಲೂ ಹೇಳಿಕೊಂಡು ಬಂದೆ.

ಒಂದು ಬೆಳಿಗ್ಗೆ ನಾನು ಕೂತಿದ್ದ ಆ ಬಸ್ಸೇ ದಾರಿಯಲ್ಲಿ ಕೆಟ್ಟು ನಿಂತಿತು. ಇಳಿದು ನಡೆದೆ. ದೂರದಿಂದಲೇ ಜಯಳ ಕೂಸು ಅಳುವುದು ಕೇಳಿಸುತ್ತಿತ್ತು. ನಿಂಗಮ್ಮ ಕೂಸನ್ನು ಎತ್ತಿಕೊಂಡು ರಸ್ತೆಯಲ್ಲೇ ನಿಂತಿದ್ದರು.

"ಯಾಕ್ರವ್ವ, ಕೂಸಿಗೆ ಹಾಲು ಕೊಡಬಾರದಾ?"

"ಬಸ್ಸೇ ಬರ್ಲಿಲ್ವಲ್ಲ ನರ್ಸಮ್ಮ!"

"ಬಸ್ಸು ಕೆಟ್ಟು ನಿಂತಿದೆ. ಅದಕ್ಕೇ ನಾನು ನಡ್ಕೊಂಡು ಬಂದೆ."

"ಅಯ್ಯೋ ಶಿವ್ನೆ, ಅಂಗಾರೆ ಇವತ್ತು ಕೂಸ್ಗೆ ಉಪಾಸ್ವಾ? ಬಸ್ಸು ಬರ್ದೇ ಇದ್ರೆ ಏನು ಮಾಡ್ಬೇಕು ಅಂತ ನೀನು ಏಳ್ಲೇ ಇಲ್ಲ."

ಒಳಗಿಂದ ಜಯ ಬಂದಳು. ಅವಳ ರವಿಕೆ ಹಾಲಿನಿಂದ ನೆನೆದಿತ್ತು. ಅತ್ತೆಯ ಕೈಯಿಂದ ಕೂಸನ್ನು ಕಿತ್ತುಕೊಂಡು, "ಬಸ್ಸಿಗೇನು ಗೊತ್ತು ಕೂಸಿನ್ ಸಂಕ್ಟ? ಡ್ರೈವರ್ ಬಂದು ಎದೆ ಕೊಟ್ಟಾನಾ?" ಎಂದು ಜಗಲಿಯ ಮೇಲೆ ಕೂತಳು. ನಿಂಗಮ್ಮ ನನ್ನ ಮುಖ ನೋಡಿದರು. ನಾನು ರಸ್ತೆ ನೋಡಿದೆ.

ಆ ಹೊತ್ತಿಗೆ ಅದೇ ತಾಲ್ಲೂಕಿಗೆ ವರ್ಗವಾಗಿ ಬಂದಿದ್ದ ಸರೋಜಮ್ಮನವರಿಗೆ ಹೇಳಿದಾಗ ಕೊಡೆ ನೆಲಕ್ಕೂರಿ ನಕ್ಕರು. "ಪುಸ್ತಕ ಹಳೇದಾಯ್ತು ಕಣಮ್ಮ. ಈಗ ಕೂಸು ಕೇಳಿದಾಗ ಕೊಡಿ ಅಂತ ಹೇಳ್ಬೇಕು. ಆದ್ರೆ ಅಳೋದು ಕೇಳೋದಲ್ಲ, ಕೇಳಿ ಕೇಳಿ ಸಾಕಾದ್ಮೇಲೆ ಅಳೋದು. ಅದಕ್ಕೆ ಮೊದಲು ತುಟಿ ಸವರ್ತದೆ, ಕೈ ಬಾಯಿಗೆ ಹಾಕ್ತದೆ, ತಲೆ ಅತ್ತಿತ್ತ ಆಡಿಸಿ ಹುಡುಕ್ತದೆ. ಅದನ್ನ ತಾಯಂದ್ರಿಗೆ ತೋರ್ಸು."

ಮುಂದಿನ ಭೇಟಿಯಲ್ಲಿ ಜಯಳ ಪಕ್ಕದಲ್ಲಿ ಕೂತು ನಾವಿಬ್ಬರೂ ಮಲಗಿದ ಕೂಸನ್ನೇ ನೋಡಿದೆವು. ಅದು ಕಣ್ಣು ಬಿಡುವ ಮೊದಲೇ ತುಟಿ ಆಡಿಸಿತು. "ಈಗಾ?" ಎಂದಳು ಜಯ. "ಈಗ" ಎಂದೆ. ಆ ಮನೆಯಲ್ಲಿ ಅಳು ಕಡಿಮೆಯಾಯಿತು. ನಿಂಗಮ್ಮ ಮಾತ್ರ ಹಾರನ್ ಕೇಳಿದಾಗೆಲ್ಲ ಒಮ್ಮೆ ತೊಟ್ಟಿಲ ಕಡೆ ತಿರುಗಿ ನೋಡುವುದನ್ನು ಬಿಡಲಿಲ್ಲ.

ಕೂಸುಗಳಿಗೆ ಹಸಿವು ಗೊತ್ತಿರುತ್ತದೆ, ದೊಡ್ಡವರಾಗುತ್ತ ಮರೆಯುತ್ತೇವೆ ಎಂದು ತಿಳಿದದ್ದು ನಾಗಮಂಗಲದ ಕಡೆ. ಅಲ್ಲೊಂದು ಹಳ್ಳಿಯಲ್ಲಿ ಸಿದ್ದೇಗೌಡರು ಎಂಬವರ ಮನೆಗೆ ಬಸುರಿ ಸೊಸೆಯನ್ನು ನೋಡಲು ಹೋಗುತ್ತಿದ್ದೆ. ಗೌಡರಿಗೆ ಸಕ್ಕರೆ ಕಾಯಿಲೆ. ಎರಡು ಮುದ್ದೆ ಉಣ್ಣುತ್ತಿದ್ದವರಿಗೆ ಮೈಸೂರಿನ ಡಾಕ್ಟರು ಒಂದೇ ಮುದ್ದೆ ಎಂದಿದ್ದರು.

"ಒಂದೇ ಉಣ್ತಿದ್ದೀನಿ ನರ್ಸಮ್ಮ, ಆದ್ರೂ ಸಕ್ಕರೆ ಇಳೀತಿಲ್ಲ. ಆ ಡಾಕ್ಟ್ರಿಗೆ ಏನೂ ಬರಕಿಲ್ಲ" ಎಂದರು.

ಊಟದ ಹೊತ್ತಿಗೆ ಅವರ ಹೆಂಡತಿ ಪುಟ್ಟತಾಯಮ್ಮ ಮುದ್ದೆ ತಂದಿಟ್ಟಾಗ ನೋಡಿದೆ. ಸುಲಿದ ತೆಂಗಿನಕಾಯಿಯಷ್ಟಿತ್ತು. ಎರಡು ಮುದ್ದೆಯ ಹಿಟ್ಟನ್ನು ಸೇರಿಸಿ ಒಂದೇ ಕಟ್ಟಿದ್ದರು.

"ಡಾಕ್ಟ್ರು ಒಂದು ಅಂದವ್ರೆ, ಒಂದೇ ಅದೆ" ಎಂದು ಪುಟ್ಟತಾಯಮ್ಮ ಮುಖ ಗಂಭೀರ ಮಾಡಿಕೊಂಡು ಹೇಳಿದರು. "ಇನ್ನೇನು, ಆಳ್ಕೆಲ್ಸ ಮಾಡೋ ಜೀವಕ್ಕೆ ಅಸ್ಕಂಡಿರು ಅನ್ನಕ್ಕಾಯ್ತದಾ?"

ನಾನು ಮುದ್ದೆಯನ್ನು ನಾಲ್ಕು ಭಾಗ ಮಾಡಿ ಇಡಲು ಹೇಳಿದೆ. ಒಂದೊಂದು ಭಾಗ ಮುಗಿದ ಮೇಲೂ ಸ್ವಲ್ಪ ನಿಲ್ಲಿಸಿ ಹೊಟ್ಟೆಯನ್ನು ಕೇಳಿ, ಅದು ಏನನ್ನುತ್ತದೆ ನೋಡಿ ಎಂದೆ.

"ಒಟ್ಟೆ ಏನಂತದೆ? ಇಕ್ಕು ಅಂತದೆ. ಬ್ಯಾಡ ಅನ್ನೋ ಒಟ್ಟೆ ನಮ್ಮ ವಂಸದಲ್ಲೇ ಇಲ್ಲ ಕಣವ್ವ" ಎಂದರು ಗೌಡರು.

ಮುಂದಿನ ತಿಂಗಳು ಹೋದಾಗ ಬಾಗಿಲಲ್ಲೇ ಹಿಡಿದುಕೊಂಡರು. ಊಟದ ನಡುವೆ ಹಸು ಹಗ್ಗ ಕಿತ್ತುಕೊಂಡಿತಂತೆ. ಎದ್ದು ಹೋಗಿ ಕಟ್ಟಿ, ಕೈ ತೊಳೆದು ಬಂದು ಕೂತರೆ ತಟ್ಟೆಯಲ್ಲಿ ಎರಡು ಭಾಗ ಹಾಗೇ ಇದೆ. "ಅಸಿವೇ ಇಲ್ಲ ನರ್ಸಮ್ಮ! ಹಸ ಕಟ್ಟಿ ಬರೋವಷ್ಟ್ರಲ್ಲಿ ಯಾರೋ ಕದ್ಬುಟ್ಟವ್ರೆ. ಇಷ್ಟು ವರ್ಷ ನುಂಗೋ ಬಿರುಸಿಗೆ ಒಟ್ಟೆ ಕೂಗಿದ್ದು ನನ್ಗೆ ಕೇಳ್ತಾನೇ ಇರ್ಲಿಲ್ಲ." ಮುದ್ದೆಯನ್ನು ನಾವು ಅಗಿಯುವುದಿಲ್ಲ, ನುಂಗುತ್ತೇವೆ. ಸಾಕು ಎಂಬುದು ಹೊಟ್ಟೆಯಿಂದ ಬಾಯಿಗೆ ಬರುವಷ್ಟರಲ್ಲಿ ತಟ್ಟೆ ಖಾಲಿಯಾಗಿರುತ್ತದೆ.

ಅವತ್ತು ಪುಟ್ಟತಾಯಮ್ಮ ನನ್ನನ್ನು ಅಡುಗೆಮನೆಗೆ ಕರೆದು ಮೆಲ್ಲಗೆ, "ತಲೆನೋವಿನ ಮಾತ್ರೆ ಇದ್ರೆ ಒಂದೆರಡು ಕೊಡವ್ವ" ಎಂದರು. ದಿನಾ ನೋಯುತ್ತದಂತೆ. ಯಾವ ಹೊತ್ತಿಗೆ ಎಂದೆ.

"ಅವ್ರೆಲ್ಲ ಉಣ್ಣಕ್ಕೆ ಕೂತಾಗ."

"ಯಾವಾಗ ಹೋಗುತ್ತೆ?"

"ನಾನು ಉಂಡ್ಮೇಲೆ ಕಮ್ಮಿಯಾಯ್ತದೆ."

"ಪುಟ್ಟತಾಯಮ್ಮ, ಅದು ತಲೆನೋವಲ್ಲ. ಹಸಿವು."

ಅವರು ನನ್ನನ್ನು ಬೆರಗಾಗಿ ನೋಡಿದರು. "ನನ್ಗಾ? ಎಲ್ರೂ ಉಂಡು ಮಡಿಕೆ ತಳ ಕಂಡ್ಮೇಲಲ್ವಾ ನನ್ಗೆ ಅಸಿವು?"

ಗಂಡಸರಿಗಿಂತ ಮೊದಲು ಉಣ್ಣಿ ಎಂದರೆ ಅವರು ಕೇಳುವವರಲ್ಲ. ನಡುಮನೆಯಿಂದ ಎಲ್ಲ ಕೇಳಿಸಿಕೊಂಡಿದ್ದ ಗೌಡರೇ ದಾರಿ ಹುಡುಕಿದರು. "ಲೇ ಇವ್ಳೆ, ನನ್ನ ಮುದ್ದೇಲಿ ಕಾಲು ಭಾಗ ತಟ್ಟೆಗೆ ಇಕ್ಕೋಕ್ ಮುಂಚೇನೆ ಮುರ್ದು ನೀನು ಬಾಯ್ಗಾಕ್ಕೋ. ಅದು ಉಂಡಂಗಲ್ಲ, ನನ್ಗೆ ಕಮ್ಮಿ ಮಾಡ್ದಂಗೆ. ಇಬ್ರಿಗೂ ಔಸ್ದಿ." ಹಾಗೇ ನಡೆಯಿತು. ಮಾತ್ರೆ ಕೇಳುವುದು ನಿಂತಿತು.

ಆಮೇಲಿನ ವರ್ಷಗಳಲ್ಲಿ ಇನ್ನೂ ಊರು ಸುತ್ತಿದೆ, ನಿವೃತ್ತಿಯಾಯಿತು. ಅದರ ಬಗ್ಗೆ ಬರೆಯುವಂಥದ್ದೇನಿಲ್ಲ.

ನಮ್ಮ ಯಜಮಾನರು ಸಕ್ಕರೆ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದವರು. ಅವರ ಹಸಿವು ಪಾಳಿಯ ಸೈರನ್ ಜೊತೆ ಬರುತ್ತಿತ್ತು. ನನ್ನ ಕಥೆಗಳನ್ನು ಕೇಳಿ, "ಜಯಳ ಕೂಸಿಗೆ ಬಸ್ಸು, ನನಗೆ ಸೈರನ್ನು" ಎಂದು ನಗುತ್ತಿದ್ದರು. ಕಳೆದ ವರ್ಷ ಅವರ ಹೊಟ್ಟೆಯಲ್ಲಿ ಗಡ್ಡೆ ಕಾಣಿಸಿತು. ಮೈಸೂರಿಗೆ ಓಡಾಡಿದೆವು. ಕೊನೆಗೆ ಡಾಕ್ಟರು, ಇನ್ನು ಮನೆಯಲ್ಲೇ ಇರಲಿ, ಕೇಳಿದ್ದು ಕೊಡಿ, ಬಲವಂತ ಮಾಡಬೇಡಿ, ನುಂಗಲಾಗದಿದ್ದರೆ ಶ್ವಾಸನಾಳಕ್ಕೆ ಹೋಗುತ್ತದೆ ಎಂದರು.

ಮೊದಮೊದಲು ಗಂಜಿ ಕೇಳುತ್ತಿದ್ದರು. ಆಮೇಲೆ ಎಳನೀರು, ಆಮೇಲೆ ನೀರು. ಕಡೆಯ ದಿನಗಳಲ್ಲಿ ಅದೂ ಇಲ್ಲ. ಚಮಚ ಹತ್ತಿರ ತಂದರೆ ತುಟಿ ಮುಚ್ಚಿ ಮುಖ ಗೋಡೆಗೆ ತಿರುಗಿಸುತ್ತಿದ್ದರು. ನಾನು ಚಮಚ ಕೆಳಗಿಡುತ್ತಿದ್ದೆ. ಹತ್ತಿ ನೆನೆಸಿ ತುಟಿ ಒರೆಸುತ್ತಿದ್ದೆ.

ಒಂದು ಸಂಜೆ ಕೆಂಪಮ್ಮ ಸೆರಗಿನಲ್ಲಿ ಏನೋ ಮುಚ್ಚಿಕೊಂಡು ಬಂದರು. ಅವರ ತವರಿನ ಒಳಲೆ. ಒಂದು ಲೋಟ ಗಂಜಿಯನ್ನೂ ತಂದಿದ್ದರು.

"ತಮ್ಮಯ್ಯ, ಬಾಯಿ ಬುಡಪ್ಪ. ಒಂದೇ ಒಂದು ಗುಟುಕು" ಎಂದು ತಲೆಯ ಕೆಳಗೆ ಕೈ ಕೊಟ್ಟರು. ಯಜಮಾನರು ಮುಖ ತಿರುಗಿಸಿದರು. ಕೆಂಪಮ್ಮ ಗಲ್ಲ ಹಿಡಿದರು. ನಾನು ಒಳಲೆಯ ಮೂತಿಗೆ ಕೈ ಅಡ್ಡ ಇಟ್ಟೆ.

"ಅಕ್ಕಾ, ಸಾಕು. ಅವರಿಗೆ ಬೇಡ."

"ನೀನು ಆಸ್ಪತ್ರೆಯೋಳು, ಎಷ್ಟು ಜನ ಸಾಯೋದು ನೋಡಿದ್ದೀಯೋ. ನನ್ಗಿರೋದು ಒಬ್ನೇ ತಮ್ಮ ಕಣಮ್ಮಿ. ಅಸ್ಕಂಡು ಓಗ್ಲಾ ಅವನು?"

"ಹಸಿವಿಲ್ಲ ಅಕ್ಕಾ. ಇದ್ದಿದ್ರೆ ಕೇಳ್ತಿದ್ರು."

"ಯಾವತ್ತು ಕೇಳಿದ್ದ ಅವನು? ನಮ್ಮವ್ವ ಗದ್ದೆಗೆ ಓದಾಗ ಇದೇ ಒಳಲೇಲಿ ನಾನೇ ಉಯ್ದು ಸಾಕಿದ್ದೀನಿ."

ಯಜಮಾನರು ಕಣ್ಣು ಬಿಟ್ಟು ಅಕ್ಕನನ್ನು ನೋಡಿದರು. ಮೆಲ್ಲಗೆ ಅಂದರು, "ಆಗ್ಲೂ ಕಿವಿಗೇ ಉಯ್ತಿದ್ದೆ ಬುಡಕ್ಕ."

ಕೆಂಪಮ್ಮನಿಗೆ ನಗು ಬಂದು, ನಗುವಿನ ಹಿಂದೆಯೇ ಅಳು ಬಂತು. ಒಳಲೆಯನ್ನು ಕಿಟಕಿಯ ಮೇಲಿಟ್ಟು ಹೊರಗೆ ಹೋದರು. ನಾನು ಯಜಮಾನರ ಕೈ ನೋಡಿದೆ. ಹೊದಿಕೆಯ ಮೇಲೆ ಅಂಗೈ ಬಿಚ್ಚಿಕೊಂಡು ಮಲಗಿತ್ತು. ಅದಾಗಿ ಮೂರನೇ ದಿನ ಹೋದರು.

ತಿಥಿಯ ದಿನ ಎಡೆ ಇಡುವಾಗ ಕೆಂಪಮ್ಮ ಎಲೆಯ ತುಂಬ ಬಡಿಸಿ, "ಈಗ್ಲಾದ್ರೂ ಉಣ್ಲಿ" ಎಂದು, ತಮ್ಮನಿಗೆ ನಾನು ತಿನ್ನಿಸಲಿಲ್ಲ ಎಂಬ ಆ ಮಾತನ್ನು ಅಂದರು. ಬಂದವರೆಲ್ಲ ನನ್ನ ಕಡೆ ನೋಡಿದರು. ನಾನು ನೀರಿನ ಚೊಂಬು ತರಲು ಒಳಗೆ ಹೋದೆ. ಮಾರನೇ ದಿನದಿಂದ ಕ್ಯಾರಿಯರ್ ಶುರುವಾಯಿತು.

ತಿಂಗಳುಗಟ್ಟಲೆ ಹಾಗೇ ನಡೆಯಿತು. ನನಗೆ ರುಚಿ ಇಲ್ಲ, ಬೇಕು ಇಲ್ಲ, ಸಾಕೂ ಇಲ್ಲ. ಜಯಳ ಕೂಸಿನ ಹಾಗೆ ನಾನೂ ಕೆಂಪಮ್ಮನ ಬಸ್ಸು ಬಂದಾಗ ಉಣ್ಣುತ್ತಿದ್ದೆ. ಸವಿತಾ ಬಂದು ಆ ಪ್ರಶ್ನೆ ಕೇಳಿ ಹೋದ ಮೇಲೆ ಇದು ಹೊಳೆಯಿತು. ಮಾರನೇ ದಿನ ಹೇಳಿದೆ.

"ಅಕ್ಕಾ, ನಾಳೆ ಕ್ಯಾರಿಯರ್ ತರಬೇಡಿ."

"ಸಾಯ್ಬೇಕು ಅಂತಿದ್ದೀಯಾ?"

"ಇಲ್ಲ. ಹಸಿವು ಬರಲಿ ಅಂತ ಕಾಯ್ತೀನಿ. ಸಂಜೆವರೆಗೂ ಬರದೇ ಇದ್ರೆ ನೀವೇ ಇಕ್ಕಿ, ಉಣ್ತೀನಿ."

ಅವರು ಒಪ್ಪಲಿಲ್ಲ, ಆದರೆ ಮಾರನೇ ದಿನ ಕ್ಯಾರಿಯರ್ ಬದಲು ಒಂದು ಚೀಲ ಅವರೆಕಾಯಿ ತಂದು ನಮ್ಮ ಜಗಲಿಯ ಮೇಲೆ ಕೂತರು. ನನ್ನನ್ನು ಕಾಯಲು ಬಂದಿದ್ದರು. ಬೆಳಗಿನ ಕಾಫಿ ಬಿಟ್ಟು ನಾನು ಏನೂ ತೆಗೆದುಕೊಳ್ಳಲಿಲ್ಲ. ಇಬ್ಬರೂ ಕಾಯಿ ಬಿಡಿಸಿದೆವು, ಕಾಳು ನೆನೆಸಿ ಹಿದುಕಿದೆವು. ಮಧ್ಯಾಹ್ನ ಕಳೆಯಿತು. ಏನೂ ಆಗಲಿಲ್ಲ. ಕೆಂಪಮ್ಮ ಎದ್ದು ಒಳಗೆ ಹೋಗಿ ಸಾರಿಗೆ ಇಟ್ಟರು.

ಹಾಲಿನವನು ಬಂದಾಗ ಕಾರಣವಿಲ್ಲದೆ ಅವನ ಮೇಲೆ ರೇಗಿದೆ. ಅವನು, "ಯಾಕವ್ವ, ನೀರು ಬೆರ್ಸಿಲ್ಲ ಕಣವ್ವ" ಎಂದು ಹೋದ. ಸ್ವಲ್ಪ ಹೊತ್ತಿಗೆ ಹಣೆಯ ಎರಡೂ ಕಡೆ ಸಣ್ಣಗೆ ನೋಯತೊಡಗಿತು. ಮಾತ್ರೆ ಡಬ್ಬಿ ತೆಗೆದೆ, ಮಾತ್ರೆ ಕೈಗೆ ಹಾಕಿಕೊಂಡೆ. ಅಡುಗೆಮನೆಯಿಂದ ಅವರೆಕಾಳಿನ ಸಾರಿನ ವಾಸನೆ ಬಂತು, ಬಾಯಲ್ಲಿ ನೀರೂರಿತು. ಪುಟ್ಟತಾಯಮ್ಮನ ಮುಖ ನೆನಪಾಯಿತು. ಮಾತ್ರೆಯನ್ನು ಡಬ್ಬಿಗೆ ಹಾಕಿ ಮುಚ್ಚಿದೆ.

"ಅಕ್ಕಾ, ಹಸಿವಾಗ್ತಿದೆ" ಎಂದೆ.

ಕೆಂಪಮ್ಮ ಹಿಟ್ಟು ತೊಳಸಿ ಮುದ್ದೆ ಕಟ್ಟಿದರು. ನಾನು ಅದನ್ನು ನಾಲ್ಕು ಭಾಗ ಮಾಡಿಕೊಂಡೆ. ಮೊದಲನೆಯದರ ರುಚಿ ಹೀಗಿತ್ತು ಎಂದು ಬರೆಯಲಾರೆ. ತಿಂಗಳುಗಳ ಮೇಲೆ ನಾಲಿಗೆಗೆ ಉಪ್ಪು ತಾಗಿದ್ದು ಗೊತ್ತಾಯಿತು ಎನ್ನಬಹುದು. ಎರಡನೆಯದೂ ಬೇಕೆನಿಸಿತು. ಮೂರನೆಯದರ ಕೊನೆಗೆ ಕೈ ತಾನಾಗಿ ನಿಧಾನವಾಯಿತು.

"ಇನ್ನೊಸಿ ಆಕ್ಕೋ" ಎಂದು ಕೆಂಪಮ್ಮ ಸೌಟು ತಂದರು. ನನಗೆ ತಿಳಿಯದೆಯೇ ಮುಖ ಪಕ್ಕಕ್ಕೆ ತಿರುಗಿತು.

ಸೌಟು ತಟ್ಟೆಯ ಮೇಲೆಯೇ ನಿಂತಿತು. ಅವರು ನನ್ನನ್ನು ಹಾಗೇ ನೋಡುತ್ತಿದ್ದರು.

"ಅವನೂ ಇಂಗೇ ತಿರುಗ್ಸಿದ್ದ" ಎಂದರು.

"ಹೂಂ ಅಕ್ಕಾ."

"ಸಾಕಾಗಿತ್ತಾ ಅವನ್ಗೆ?"

"ಸಾಕಾಗಿತ್ತು."

ಕೆಂಪಮ್ಮ ಸೌಟಿನ ಸಾರನ್ನು ಪಾತ್ರೆಗೆ ಹಾಕಿ ಮುಚ್ಚಳ ಮುಚ್ಚಿದರು. ಆಮೇಲೆ ನನ್ನ ಎದುರು ಗೋಡೆಗೆ ಒರಗಿ ಕೂತು, ಎರಡು ಬೆರಳಲ್ಲಿ ಹಣೆ ಒತ್ತಿಕೊಂಡರು.

"ತಲೆ ಸಿಡೀತದೆ ಕಣಮ್ಮಿ. ಮಾತ್ರೆ ಮಡಗಿದ್ಯಲ್ಲ, ಒಂದು ಕೊಡು."

"ನೀವು ಉಂಡ್ರಾ ಅಕ್ಕಾ?"

"ನಾನಾ? ನೀನುಂಡ್ಮೇಲೆ ಅಂತ ಇದ್ದೆ."

ಬೆಳಗಿನಿಂದ ಅವರೂ ಏನೂ ತಿಂದಿರಲಿಲ್ಲ. ನಾನು ಕೈ ತೊಳೆದು ಬಂದು ಅವರ ಮುಂದೆ ತಟ್ಟೆ ಇಟ್ಟು ಮುದ್ದೆ ಇಕ್ಕಿದೆ, ಸಾರು ಬಿಟ್ಟೆ. ಪಕ್ಕದಲ್ಲಿ ಕೂತು, ತಟ್ಟೆ ನೋಡದೆ, ಅವರ ಮುಖ ನೋಡುತ್ತ ಬಡಿಸಿದೆ.